ಎರಡು ಸಲ ಕಾಯಿ ಒಡೆದ ಸ್ಲ್ಯಾಬು

ಕ್ಲೋರಿನ್ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಈಜುವ ಆಸೆಯಾಗುತ್ತದೋ ಏನೋ, ನನಗೆ ಮಾತ್ರ ಮೊದಲು ಮೈ ಉರಿಯುತ್ತದೆ, ಆಮೇಲೆ ನಗು ಬರುತ್ತದೆ. ಕಳೆದ ತಿಂಗಳು ಮುಂಬೈಯ ಗೋರೆಗಾಂವ್‌ನಲ್ಲಿ ಅಕ್ಕನ ಮಗಳ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಹೋಗಬೇಕಾಯಿತು. ವಿಳಾಸ ನೋಡಿದಾಗಲೇ ಗೊತ್ತಾಯಿತು, ನಾವೇ ಕಟ್ಟಿದ ಬಿಲ್ಡಿಂಗು. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ನೀಲಿ ಟೈಲ್ಸಿನ ಈಜುಕೊಳ, ಮಕ್ಕಳು ಕಿರುಚುತ್ತ ದುಡುಂ ದುಡುಂ ಎಂದು ಹಾರುತ್ತಿದ್ದರು. ಪಕ್ಕದಲ್ಲಿ ಕೇಕಿನ ತಟ್ಟೆ ಹಿಡಿದಿದ್ದ ಹೆಂಗಸೊಬ್ಬರು "ಕಿತನಾ ಮಸ್ತ್ ಪೂಲ್ ಹೈ ನಾ?" ಎಂದರು. "ಮಸ್ತ್ ಇರದೆ ಏನು, ನನ್ನ ಮೂವತ್ತೈದು ದಿನ ತಿಂದಿದೆ" ಎಂದು ನಾನೂ ಹಿಂದಿಯಲ್ಲೇ ಹೇಳಿದೆ. ಆಕೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಆಚೆ ಸರಿದು ನಿಂತರು. ಪಾಪ, ಆ ಮಳೆಗಾಲದ ಕತೆ ಅವರಿಗೆ ಹೇಗೆ ಗೊತ್ತಿರಬೇಕು!

ನಾನು ಅಂದಾಜು ಹಾಕುವ ಇಂಜಿನಿಯರು. ಒಂದು ಕಟ್ಟಡಕ್ಕೆ ಎಷ್ಟು ಕಬ್ಬಿಣ, ಎಷ್ಟು ಸಿಮೆಂಟು, ಎಷ್ಟು ಜನ, ಎಷ್ಟು ದಿನ ಎಂದು ಮೊದಲು ಹೇಳುವುದು ನನ್ನ ಕೆಲಸ. ಹೇಳಿದ್ದು ತಪ್ಪಿದಾಗ ಯಾಕೆ ತಪ್ಪಿತು, ಯಾರಿಂದ ತಪ್ಪಿತು ಎಂದು ಹೇಳುವುದೂ ನನ್ನದೇ ಕೆಲಸ. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಮಳೆಗಾಲದಲ್ಲಿ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದು ಆಕಾಶ ನೋಡಿ, ಮರುದಿನದ ಇಡ್ಲಿಗೆ ಎಷ್ಟು ಅಕ್ಕಿ ನೆನೆಹಾಕಬೇಕೆಂದು ಹೇಳುತ್ತಿದ್ದರು. ಹಿಟ್ಟು ಉಳಿದರೂ ಬೈಗುಳ, ಸಾಲದಿದ್ದರೂ ಬೈಗುಳ. ಬೈಗುಳ ತಿನ್ನುವ ಈ ಉದ್ಯೋಗ ನಮ್ಮ ಮನೆತನಕ್ಕೇ ಅಂಟಿಕೊಂಡಿದೆ ಎಂದು ಅಮ್ಮ ಈಗಲೂ ಹಂಗಿಸುತ್ತಾಳೆ.

ಆ ವರ್ಷ ನನಗೆ ಇಪ್ಪತ್ತೆಂಟು. ಬೈಕುಲ್ಲಾದಲ್ಲಿ ಆಫೀಸಿದ್ದ ಶೆಟ್ಟರ ಹತ್ತಿರ ಕೆಲಸ ಮಾಡುತ್ತಿದ್ದೆ. ಶೆಟ್ಟರು ಸಣ್ಣ ಗುತ್ತಿಗೆದಾರರು, ಸುಪರ್‌ವೈಸರ್ ಆಗಿ ಶುರುಮಾಡಿ ಬೆವರು ಸುರಿಸಿ ಮೇಲೆ ಬಂದವರು. ಗೋರೆಗಾಂವ್‌ನ ಹಳೆಯ ಹೌಸಿಂಗ್ ಸೊಸೈಟಿಯೊಂದನ್ನು ಕೆಡವಿ ಎ ವಿಂಗ್, ಬಿ ವಿಂಗ್ ಎಂದು ಎರಡು ಟವರ್‌ಗಳ ಕಾಂಕ್ರೀಟು ಹಂದರ ಎಬ್ಬಿಸುವ ಕೆಲಸ ಒಬ್ಬ ಡೆವಲಪರನಿಂದ ಅವರಿಗೆ ಸಿಕ್ಕಿತ್ತು. ಅಷ್ಟು ದೊಡ್ಡ ಕೆಲಸ ಅವರಿಗೂ ಮೊದಲನೆಯದು, ಇಡೀ ಕೆಲಸದ ವೇಳಾಪಟ್ಟಿಯನ್ನು ಒಬ್ಬಳೇ ಹಾಕಿದ್ದು ನನಗೂ ಮೊದಲನೆಯದು. ಗುತ್ತಿಗೆಯಲ್ಲಿ ಒಂದು ಮಾತು ದಪ್ಪಕ್ಷರದಲ್ಲಿತ್ತು: ಮಳೆಗಾಲವೂ ಸೇರಿಯೇ ಈ ಅವಧಿ, ಮಳೆಯ ಕಾರಣಕ್ಕೆ ಹೆಚ್ಚು ದಿನ ಕೇಳುವಂತಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ವಾರ ಮಳೆಗೆ ಎಷ್ಟು ದಿನ ಹೋದೀತು ಎಂದು ನಾನು ಹಳೆಯ ಸೈಟುಗಳ ಹಾಜರಿ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಲೆಕ್ಕ ಕಟ್ಟಿದ್ದೆ.

ಜೂನ್ ಎರಡನೇ ವಾರದ ಸೋಮವಾರ, ಎ ವಿಂಗಿನ ಪೋಡಿಯಂ ಸ್ಲ್ಯಾಬು ಹಾಕುವ ದಿನ. ಪೋಡಿಯಂ ಅಂದರೆ ಕೆಳಗೆ ಕಾರು ನಿಲ್ಲಿಸುವ ಎರಡು ಮಹಡಿ, ಅದರ ತಲೆಯ ಮೇಲೊಂದು ಅಂಗಳ. ಮಳೆ ಇನ್ನೂ ಹಿಡಿದಿರಲಿಲ್ಲ. ಆಕಾಶ ಕಪ್ಪಿಟ್ಟು, ಸೆಖೆಯಲ್ಲಿ ಜೀವ ಹೋಗುತ್ತಿತ್ತು. ಕಬ್ಬಿಣ ಕಟ್ಟುವ ತಂಡದ ಮೇಸ್ತ್ರಿ ಭೀಮಣ್ಣ, ಸಿಂದಗಿ ಕಡೆಯವರು. ಪೂಜೆಯಿಲ್ಲದೆ ಅವರು ಸ್ಲ್ಯಾಬಿಗೆ ಒಂದು ಬೊಗಸೆ ಕಾಂಕ್ರೀಟು ಮಾಲು ಬೀಳಲು ಬಿಡುತ್ತಿರಲಿಲ್ಲ. ಆ ಪೂಜೆಗೂ ಒಂದು ಕಟ್ಟುನಿಟ್ಟಿತ್ತು. ಕಬ್ಬಿಣದ ಕೊನೆಯ ಗಂಟು ಬಿಗಿದು, ಕಸ ಗುಡಿಸಿ, ಕಾಂಕ್ರೀಟು ಪಂಪಿನ ಪೈಪು ಜೋಡಿಸಿ ಆಗುವವರೆಗೆ ಕಾಯಿ ಮುಟ್ಟುವಂತಿಲ್ಲ. ಕಾಯಿ ಒಡೆದ ಮೇಲೆ ಯಾರೂ ಒಂದು ಸರಳನ್ನೂ ಅಲುಗಿಸುವಂತಿಲ್ಲ. ನನಗೆ ಇದೆಲ್ಲ ಹೊತ್ತು ಹಾಳು ಮಾಡುವ ಶಾಸ್ತ್ರವಾಗಿ ಕಾಣುತ್ತಿತ್ತು, ಪ್ರಸಾದದ ಪೇಡಾ ಮಾತ್ರ ಎರಡು ತಿನ್ನುತ್ತಿದ್ದೆ.

ಅವತ್ತು ಕಾಯಿ ಒಡೆದವರು ಡೆವಲಪರನ ಕಡೆಯ ಇಂಜಿನಿಯರ್ ಸಾವಂತ್. ಒಳ್ಳೆಯ ಮನುಷ್ಯ, ನಮ್ಮ ಕೆಲಸ ನೋಡಿ ಸರಿಯಿದೆ, ಇಲ್ಲ ಎನ್ನಬೇಕಾದವರು ಅವರೇ. ಕಾಯಿ ನೀರನ್ನು ಸರಳಿನ ಮೇಲೆ ಚಿಮುಕಿಸಿ ಇನ್ನೇನು ಕಾಂಕ್ರೀಟು ಹಾಕುವ ಪರವಾನಗಿ ಕಾಗದಕ್ಕೆ ಸಹಿ ಹಾಕಬೇಕು, ಫೋನ್ ಬಂತು. ಮೂಲೆಗೆ ಹೋಗಿ ಮಾತಾಡಿ ಬಂದವರ ಮುಖ ಇಳಿದಿತ್ತು. ಡೆವಲಪರ್ ಸಾಹೇಬರಿಗೆ ಇದ್ದಕ್ಕಿದ್ದಂತೆ ಅಂಗಳದ ಮೇಲೆ ಈಜುಕೊಳ ಬೇಕೆನಿಸಿತ್ತು. ಅಷ್ಟು ನೀರು ಹೊರಬೇಕಾದರೆ ತೊಲೆಗಳೇ ಬೇರೆ, ಕಬ್ಬಿಣವೇ ಬೇರೆ. "ಎರಡು ದಿನದಲ್ಲಿ ಹೊಸ ಡ್ರಾಯಿಂಗ್ ಬರುತ್ತದೆ ಮ್ಯಾಡಂ" ಎಂದು ಸಾವಂತ್ ಸಹಿ ಹಾಕದೆ ಪೆನ್ನು ಜೇಬಿಗಿಟ್ಟರು. ಗೇಟಿನ ಹತ್ತಿರ ಸಾಲಾಗಿ ನಿಂತಿದ್ದ ಕಾಂಕ್ರೀಟು ಲಾರಿಗಳು ಹಿಂದೆ ತಿರುಗಿ ಹೋದವು.

ಅವತ್ತೇ ಸಂಜೆ ನಾನು ಡೆವಲಪರನಿಗೆ ಪತ್ರ ಬರೆದು ತಯಾರು ಮಾಡಿದೆ. ನಾವು ತಯಾರಿದ್ದೆವು, ನೀವು ನಿಲ್ಲಿಸಿದಿರಿ, ಇವತ್ತಿನಿಂದ ಹೋಗುವ ದಿನಗಳು ನಿಮ್ಮವು. ಅಷ್ಟೇ, ಐದು ಸಾಲು. ಶೆಟ್ಟರು ಓದಿ ಡ್ರಾಯರಿಗೆ ಹಾಕಿದರು.

"ಎಂತ ಮಾರಾಯ್ತಿ ನೀನು! ಎರಡು ದಿನಕ್ಕೆಲ್ಲ ಕಾಗದ ಬರೀಲಿಕ್ಕುಂಟಾ? ಕಾಗದ ಬರೆದ್ರೆ ಜಗಳಕ್ಕೆ ನಿಂತ ಹಾಗೆ. ಸಂಬಂಧ ಹಾಳಾಗ್ತದೆ."

"ಸರ್, ನಾಳೆ ಅವರು ತಿರುಗಿಬಿದ್ದರೆ?"

"ನಾನು ಅವರ ಮಗಳ ಮದುವೆಗೆ ಹೋದವ. ತಿರುಗಿ ಎಲ್ಲಿ ಬೀಳ್ತಾರೆ?"

ನಮ್ಮ ಊರಿನವರ ದೊಡ್ಡ ರೋಗ ಇದು. ಬಾಯಲ್ಲಿ ಎಷ್ಟು ಬೇಕಾದರೂ ಜಗಳವಾಡಿಯಾರು, ಕಾಗದದಲ್ಲಿ ಮಾತ್ರ ಮದುವೆ ಮನೆಯ ಮರ್ಯಾದೆ. ಎರಡು ದಿನ ಎಂದದ್ದು ಹತ್ತಾಯಿತು, ಇಪ್ಪತ್ತಾಯಿತು. ಮಳೆ ಹಿಡಿಯಿತು ನೋಡಿ, ಹೇಗೆ ಅಂತೀರಿ! ಲೋಕಲ್ ರೈಲಿನಿಂದ ಇಳಿದು ಸೈಟಿಗೆ ಬರುವಷ್ಟರಲ್ಲಿ ಛತ್ರಿ ಇದ್ದೂ ಸೊಂಟದವರೆಗೆ ಒದ್ದೆ. ಎ ವಿಂಗಿನಲ್ಲಿ ಕಟ್ಟಿದ ಕಬ್ಬಿಣ ಹಾಗೇ ತುಕ್ಕು ಬಣ್ಣಕ್ಕೆ ತಿರುಗುತ್ತ ಬಿದ್ದಿತ್ತು. ಭೀಮಣ್ಣನ ತಂಡವನ್ನು ಸುಮ್ಮನೆ ಕೂರಿಸುವುದೇಕೆಂದು ಬಿ ವಿಂಗಿಗೆ ಕಳಿಸಿದೆ. ಅವರು ತಾಡಪಾಲು ಕಟ್ಟಿಕೊಂಡು ಆ ಸುರಿಮಳೆಯಲ್ಲೇ ಅಲ್ಲಿ ಎರಡು ಸ್ಲ್ಯಾಬು ಮುಗಿಸಿದರು.

ಹೊಸ ಡ್ರಾಯಿಂಗ್ ಬಂದು, ಕಬ್ಬಿಣ ಬಿಚ್ಚಿ ಮತ್ತೆ ಕಟ್ಟಿ, ಎ ವಿಂಗಿನ ಆ ಸ್ಲ್ಯಾಬು ಹಾಕುವ ಹೊತ್ತಿಗೆ ಜುಲೈ ಮೂರನೇ ಭಾನುವಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬೇಗ ಪಂಪು ಶುರುಮಾಡಿ ಎಂದು ನಾನು ಕಿರುಚುತ್ತಿದ್ದರೆ ಭೀಮಣ್ಣ ಇನ್ನೊಂದು ಕಾಯಿ ತರಿಸುತ್ತಿದ್ದಾರೆ!

"ಭೀಮಣ್ಣ, ಒಂದು ಸ್ಲ್ಯಾಬಿಗೆ ಎಷ್ಟು ಕಾಯಿ? ಅವತ್ತು ಒಡೆದಾಗಿದೆಯಲ್ಲ!"

"ಆ ಕಾಯಿ ಅವತ್ತಿನ ಕಬ್ಬಿಣಕ್ಕ ಆತ್ರಿ ಅಕ್ಕಾರ. ಬಿಚ್ಚಿ ಕಟ್ಟಿದ ಮ್ಯಾಲ ಇದು ಬ್ಯಾರೆ ಸ್ಲ್ಯಾಬು."

"ಮಳೆ ಬಂದರೆ ನಿಮ್ಮ ಕಾಯಿ ಬಂದು ಕೊಡೆ ಹಿಡಿಯುತ್ತದಾ?"

"ಹಿಡದ್ರೂ ಹಿಡೀಬಹುದ್ರಿ" ಎಂದು ನಗುತ್ತ ಹೇಳಿದರು, ಅಲ್ಲಿಂದ ಮಾತ್ರ ಕದಲಲಿಲ್ಲ. ಇಪ್ಪತ್ತು ಜನ ಕೈಕಟ್ಟಿ ನಿಂತರು. ನಾನು ಸೋತು ಕಾಯಿ ಒಡೆಸಿದೆ, ಕೋಪಕ್ಕೆ ಅವತ್ತು ಪೇಡಾ ತಿನ್ನಲಿಲ್ಲ.

ಆಗಸ್ಟ್ ಕೊನೆಯಲ್ಲಿ ಬಂತು ಡೆವಲಪರನ ನೋಟಿಸು. ಎ ವಿಂಗಿನ ಕೆಲಸ ನಲವತ್ತೊಂದು ದಿನ ಹಿಂದಿದೆ, ಕಬ್ಬಿಣ ಸಕಾಲಕ್ಕೆ ತಯಾರಿರಲಿಲ್ಲ, ಮಳೆಗೆ ಕೆಲಸ ನಿಂತಿತು, ಇದಕ್ಕೆಲ್ಲ ಕಾರಣ ಗುತ್ತಿಗೆದಾರರ ಇಂಜಿನಿಯರ್ ಹಾಕಿದ ಮಳೆಯ ತಪ್ಪು ಅಂದಾಜು, ಆದ್ದರಿಂದ ಗುತ್ತಿಗೆಯನ್ನೇ ಯಾಕೆ ರದ್ದು ಮಾಡಬಾರದು? ಈಜುಕೊಳದ ಸುದ್ದಿಯೇ ಇಲ್ಲ! ಗುತ್ತಿಗೆ ಹೋದರೆ ಶೆಟ್ಟರ ಕಂಪನಿ ಬಾಗಿಲು ಹಾಕಬೇಕು, ಭೀಮಣ್ಣನ ತಂಡ ಗಂಟು ಕಟ್ಟಬೇಕು. ಮುಂಬೈಯಲ್ಲಿ ಯಾವ ಕಂಪನಿಗೆ ಹೋದರೂ 'ಮಳೆ ಅಂದಾಜು ಮಾಡಲು ಬಾರದವಳು' ಎಂಬ ಹೆಸರು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಇಂಥ ಜಗಳ ಬಂದರೆ ದೇಶಪಾಂಡೆ ಎಂಬ ನಿವೃತ್ತ ಇಂಜಿನಿಯರರ ತೀರ್ಮಾನವೇ ಕೊನೆ ಎಂದು ಗುತ್ತಿಗೆಯಲ್ಲಿ ಇಬ್ಬರೂ ಒಪ್ಪಿದ್ದರು. ಅವರ ಮುಂದೆ ಹಾಜರಾಗಲು ಮೂರು ವಾರವಿತ್ತು.

ಮೂರನೆಯ ದಿನ ಶೆಟ್ಟರು ಕರೆದರು. "ಎಪ್ಪತ್ತು ದಿನ ಹೆಚ್ಚು ಬೇಕು ಅಂತ ಬರಿ. ಅವರು ಅರ್ಧ ಮಾಡ್ತಾರೆ, ಮೂವತ್ತೈದು ಕೈಗೆ ಬರ್ತದೆ."

ನಾನು ಆಗಲೇ ಲೆಕ್ಕ ಹಾಕಿದ್ದೆ. ಆ ನಲವತ್ತೊಂದು ದಿನಗಳಲ್ಲಿ ಬಿ ವಿಂಗಿನಲ್ಲೂ ಯಾರೂ ಕೆಲಸ ಮಾಡಲಾಗದೆ ಕೂತದ್ದು ಆರು ದಿನ. ಲೋಕಲ್ ನಿಂತು, ಸೈಟಿನಲ್ಲಿ ಮೊಣಕಾಲು ನೀರು ನಿಂತ ದಿನಗಳು. ಆ ಆರು ಮಳೆಯವು, ಮಳೆ ನಮ್ಮ ಹೊಣೆ. ಉಳಿದ ಮೂವತ್ತೈದು ಈಜುಕೊಳದವು.

"ಮೂವತ್ತೈದೇ ಕೇಳುವುದು ಸರ್. ಎಪ್ಪತ್ತು ಸುಳ್ಳು."

"ಮೂವತ್ತೈದು ಕೇಳಿದ್ರೆ ಹದಿನೇಳು ಕೊಡ್ತಾರೆ! ಆಮೇಲೆ ನಾನೂ ನೀನೂ ಒಟ್ಟಿಗೆ ಮನೆಗೆ ಹೋಗುದಾ?"

"ಮೂವತ್ತೈದಕ್ಕೆ ಒಂದು ದಿನ ಕಡಿಮೆ ಬಂದರೂ ನನ್ನ ರಾಜೀನಾಮೆ ನಿಮ್ಮ ಮೇಜಿನ ಮೇಲಿರುತ್ತದೆ. ನೀವು ಕೇಳುವುದೇ ಬೇಡ."

ಬಾಯಿ ಬಿಟ್ಟು ಹೇಳಿಬಿಟ್ಟೆ. ಸತ್ಯ ನನ್ನ ಕಡೆಗಿತ್ತು, ಪುರಾವೆ ಎಲ್ಲಿತ್ತು? ಪತ್ರ ಡ್ರಾಯರಿನಲ್ಲಿ, ಪರವಾನಗಿ ಕಾಗದಕ್ಕೆ ಸಹಿಯಿಲ್ಲ. ಪೂಜೆಯ ಫೋಟೋವನ್ನು ಭೀಮಣ್ಣ ಸೈಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ನೆನಪಾಗಿ ಹುಡುಕಿದರೆ ಗ್ರೂಪು ಬರಿದು. ಎಲ್ಲರೂ ಹಾಕುವ ಗುಡ್ ಮಾರ್ನಿಂಗ್ ಗುಲಾಬಿಗಳಿಂದ ಫೋನ್ ತುಂಬುತ್ತದೆಂದು ಶೆಟ್ಟರು ವಾರಕ್ಕೊಮ್ಮೆ ಎಲ್ಲ ತಾನಾಗಿ ಅಳಿಸಿಹೋಗುವಂತೆ ಮಾಡಿಸಿದ್ದರು. ಗುಲಾಬಿಯ ಜೊತೆ ನನ್ನ ಸಾಕ್ಷಿಯೂ ಹೋಗಿತ್ತು. ಅವತ್ತು ನಾನು ಶೆಟ್ಟರಿಗೆ ಮನಸ್ಸಿನಲ್ಲೇ ಏನೆಲ್ಲ ಬೈದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಸೈಟಿಗೆ ಹೋಗಿ ಸಿಮೆಂಟು ಚೀಲದ ಮೇಲೆ ಕೂತೆ. ಭೀಮಣ್ಣ ಊಟ ಮುಗಿಸಿ ಕೈ ಒರೆಸುತ್ತ ಬಂದರು.

"ಯಾಕ್ರಿ ಅಕ್ಕಾರ, ಮುಖ ಸಣ್ಣದು ಮಾಡೀರಿ?"

ಎಲ್ಲ ಹೇಳಿದೆ. ಜೂನ್‌ನ ಆ ಸೋಮವಾರ ಕಬ್ಬಿಣ ತಯಾರಿತ್ತು ಎಂದು ತೋರಿಸಲು ಒಂದು ಚೂರು ಕಾಗದವೂ ನನ್ನ ಹತ್ತಿರ ಇಲ್ಲ ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ.

"ತಯಾರ ಇತ್ತೋ ಇಲ್ಲೋ ಅಂತ ಕೇಳೂದೇನೈತ್ರಿ? ಕಾಯಿ ಒಡದೀವಲ್ಲ!"

"ಅಯ್ಯೋ ಭೀಮಣ್ಣ, ಆ ಕಾಯಿಯನ್ನು ಈಗ ನಾನೆಲ್ಲಿಂದ ತಂದು ತೋರಿಸಲಿ?"

"ಅವ್ವಗ ಕಳಸೀನಲ್ರಿ" ಎಂದು ಫೋನ್ ತೆಗೆದರು.

ಊರಿನಲ್ಲಿರುವ ತಾಯಿಗೆ ಓದಲು ಬಾರದು. ಹಾಗಾಗಿ ಭೀಮಣ್ಣ ಪ್ರತಿ ಸ್ಲ್ಯಾಬಿನ ಪೂಜೆಯಾದ ಕೂಡಲೇ ಒಂದು ಫೋಟೋ, ಅದರ ಹಿಂದೆಯೇ ತಮ್ಮ ದನಿಯಲ್ಲಿ ನಾಲ್ಕು ಮಾತು ಆಕೆಗೆ ಕಳಿಸುತ್ತಿದ್ದರು. ಮಗ ಮುಂಬೈಯಲ್ಲಿ ಏನು ಕಟ್ಟುತ್ತಾನೆಂದು ಆಕೆ ನೋಡಬೇಕಲ್ಲ. ಇಬ್ಬರ ನಡುವಿನ ಆ ಮಾತುಕತೆಯಲ್ಲಿ ಒಂದೂ ಅಳಿಸಿರಲಿಲ್ಲ. ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋದರು. ಬಂತು ಜೂನ್! ತಾರೀಕು, ಗಂಟೆ ಸಮೇತ ಬಂತು. ಫೋಟೋದಲ್ಲಿ ಮೂಲೆಯಿಂದ ಮೂಲೆಗೆ ಕಟ್ಟಿ ಮುಗಿಸಿದ ಕಬ್ಬಿಣ, ಹಿಂದೆ ಪಂಪಿನ ಪೈಪು, ನಡುವೆ ಒಡೆದ ಕಾಯಿ ಹಿಡಿದು ನಗುತ್ತಿರುವ ಸಾವಂತ್. ಕೆಳಗಿನ ಧ್ವನಿಯನ್ನು ಒತ್ತಿದರು. ಕೇಳಿದ ಕೂಡಲೇ ನಾನು ಎದ್ದು ನಿಂತು ಆ ಹಿರಿಯ ಮನುಷ್ಯನ ಎರಡೂ ಕೈ ಹಿಡಿದುಕೊಂಡೆ. ಜುಲೈ ಭಾನುವಾರದ ಫೋಟೋವೂ ಅಲ್ಲೇ ಇತ್ತು, ಈಜುಕೊಳದ ದಪ್ಪ ತೊಲೆಗಳ ಸಮೇತ. ಕಾಯಿಯಿಂದ ಕಾಯಿಗೆ ಎಣಿಸಿದೆ. ನಲವತ್ತೊಂದು! ಆ ಎರಡನೆಯ ಕಾಯಿಗಾಗಿ ನಾನು ಜಗಳವಾಡಿದ್ದೆನಲ್ಲ, ನಾಚಿಕೆಯಾಯಿತು, ಕ್ಷಮಿಸಿ ಎಂದು ಬಾಯಿಬಿಟ್ಟೇ ಹೇಳಿದೆ.

ಸೆಪ್ಟೆಂಬರ್‌ನಲ್ಲಿ ಡೆವಲಪರನ ಗೋರೆಗಾಂವ್ ಆಫೀಸಿನಲ್ಲಿ ದೇಶಪಾಂಡೆ ಸಾಹೇಬರ ಮುಂದೆ ಡೆವಲಪರ್, ಸಾವಂತ್, ಶೆಟ್ಟರು, ನಾನು ಎಲ್ಲರೂ ಸೇರಿದೆವು. ಅವರ ವಕೀಲರು ಭಾರಿ ಗತ್ತಿನಿಂದ ಮಾತಾಡಿದರು: ಪತ್ರವಿಲ್ಲ, ಸಹಿಯಿಲ್ಲ, ಮಳೆ ಮಾತ್ರ ಇತ್ತು. ಅದೇ ಮಳೆಯಲ್ಲಿ ಬಿ ವಿಂಗಿನ ಎರಡು ಸ್ಲ್ಯಾಬು ಹಾಕಿದ್ದೇವೆ ಎಂದು ನಾನು ಹೇಳಿದರೆ, ಎ ವಿಂಗಿನ ಕಬ್ಬಿಣ ಮುಗಿಸದೆ ಜನರನ್ನು ಅಲ್ಲಿಗೆ ಕಳಿಸಿದ್ದೇ ನಿಮ್ಮ ತಪ್ಪು ಎಂದು ನನ್ನ ಮಾತನ್ನು ನನ್ನ ಮೇಲೇ ತಿರುಗಿಸಿದರು. ಆಗ ಫೋಟೋ ತೋರಿಸಿದೆ. ಫೋಟೋದಲ್ಲಿ ಯಾಕೆ ನಿಂತಿತೆಂದು ಬರೆದಿಲ್ಲವಲ್ಲ ಎಂದರು. ಸರಿ, ಭೀಮಣ್ಣನ ಧ್ವನಿ ಕೇಳಿಸುತ್ತೇನೆ ಎಂದೆ. ಕನ್ನಡ ನಮಗೆ ಬಾರದು, ಈಕೆ ಹೇಳುವ ಅರ್ಥವನ್ನು ನಂಬಲಾಗದು ಎಂದು ವಕೀಲರು ಎದ್ದು ನಿಂತರು.

ದೇಶಪಾಂಡೆ ಸಾಹೇಬರು ಸುತ್ತ ನೋಡಿದರು. "ಕೆಳಗೆ ಉಡುಪಿ ಹೋಟೆಲ್ ಇದೆಯಲ್ಲ, ಅಲ್ಲಿಂದ ಯಾರನ್ನಾದರೂ ಕರೆಯಿರಿ" ಎಂದು ಹಿಂದಿಯಲ್ಲಿ ಹೇಳಿದರು.

ಬಂದವರು ಹೋಟೆಲಿನ ಮ್ಯಾನೇಜರ್ ರಾಯರು, ಕುಂದಾಪುರದ ಕಡೆಯವರು. ಕುರ್ಚಿಯ ತುದಿಯಲ್ಲಿ ಕೂತು ಕಿವಿಗೆ ಭೀಮಣ್ಣನ ಫೋನ್ ಹಿಡಿದರು, ಆಮೇಲೆ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಯವ್ವಾ, ಪೂಜಿ ಆತು ನೋಡಬೇ. ಸಾವಂತ ಸಾಹೇಬ್ರ ಕಾಯಿ ಒಡದ್ರು. ಕಬ್ಬಿಣ ಪೂರಾ ಕಟ್ಟೀವಿ. ಆದ್ರ ಮಾಲ ಹಾಕಬ್ಯಾಡ್ರಿ ಅಂತ ಈಗ ಫೋನ್ ಬಂತು. ಮ್ಯಾಲ ಈಜೋ ಹೊಂಡ ಮಾಡ್ತಾರಂತ. ಮಾಳಿಗಿ ಮ್ಯಾಲ ಹೊಂಡ ತೋಡೋ ಮಂದಿನ್ನ ನಾ ಎಲ್ಲೂ ನೋಡಿಲ್ಲಬೇ. ಇರ್ಲಿ, ನೀ ಉಂಡೇನು?"

ರಾಯರು ಸಾಲು ಸಾಲಾಗಿ ಹಿಂದಿಗೆ ಇಳಿಸಿದರು. ಈಜೋ ಹೊಂಡಕ್ಕೆ ಬಂದಾಗ ತಡವರಿಸಿ "ತೈರನೇ ಕಾ ಗಡ್ಢಾ" ಎಂದರು. ದೇಶಪಾಂಡೆ ಸಾಹೇಬರು "ಸ್ವಿಮ್ಮಿಂಗ್ ಪೂಲ್?" ಎಂದರು. "ಹಾಂ ಹಾಂ, ವಹೀ!" ಎಂದು ರಾಯರು ತಲೆಯಾಡಿಸಿದರು. ನೀ ಉಂಡೇನು ಎಂಬುದನ್ನೂ ಅವರು ಬಿಡದೆ ಅನುವಾದಿಸಿದರು. ಇದನ್ನು ಆಮೇಲೆ ಮಾಡಿಕೊಂಡಿರಬಹುದು ಎಂದು ವಕೀಲರು ಗೊಣಗಿದರು.

"ಇನ್ನೊಮ್ಮೆ ಹಾಕಿ ಸರ್, ಹಿಂದಿನ ಸದ್ದು ಕೇಳಿ" ಎಂದೆ.

ಹಾಕಿದರು. ಭೀಮಣ್ಣನ ಮಾತಿನ ಹಿಂದೆ, ದೂರದಲ್ಲಿ, ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು: "ಅರೇ ಥಾಂಬಾ ರೇ! ಪಂಪ್ ಪರತ್ ಪಾಠವಾ! ಪೂಲಚಂ ಡ್ರಾಯಿಂಗ್ ಯೇಊ ದೇ!" ನಿಲ್ಲಿಸಿ, ಪಂಪು ವಾಪಸು ಕಳಿಸಿ, ಪೂಲಿನ ಡ್ರಾಯಿಂಗ್ ಬರಲಿ. ಇದಕ್ಕೆ ಅಲ್ಲಿ ಯಾರಿಗೂ ಅನುವಾದ ಬೇಕಿರಲಿಲ್ಲ. ಎಲ್ಲರ ತಲೆಯೂ ಸಾವಂತ್ ಕಡೆ ತಿರುಗಿತು. ಅಷ್ಟು ಹೊತ್ತು ತಲೆತಗ್ಗಿಸಿ ಕೂತಿದ್ದ ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡು, "ಹೋಯ್, ಮಾಝಾಚ್ ಆವಾಜ್" ಎಂದರು. ಹೌದು, ನನ್ನದೇ ದನಿ. ತಮ್ಮ ಸಾಹೇಬರ ಎದುರೇ ಹಾಗೆ ಹೇಳಲು ಎದೆ ಬೇಕು. ಅವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ದೇಶಪಾಂಡೆ ಸಾಹೇಬರು ನನ್ನ ಕಡೆ ತಿರುಗಿದರು. "ಹೋದದ್ದು ನಲವತ್ತೊಂದು. ಮೂವತ್ತೈದು ಯಾಕೆ ಕೇಳುತ್ತೀರಿ?"

"ಆರು ದಿನ ಮಳೆಗೆ ಹೋಗಿದೆ ಸರ್. ಅದು ನಮ್ಮದು."

"ಈ ವಾರಗಳಲ್ಲಿ ಮಳೆಗೆಂದು ನಿಮ್ಮ ವೇಳಾಪಟ್ಟಿಯಲ್ಲಿ ಎಷ್ಟು ಇಟ್ಟಿದ್ದಿರಿ?"

"ಏಳು."

ಅವರು ವೇಳಾಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದರು. "ಏಳು ಇಟ್ಟಿದ್ದೀರಿ, ಆರು ಹೋಗಿದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ತನ್ನ ದಿನಗಳನ್ನು ತಾನೇ ಕಡಿಮೆ ಮಾಡಿಕೊಂಡು ಬಂದ ಗುತ್ತಿಗೆದಾರರನ್ನು ನಾನು ಇವತ್ತೇ ನೋಡಿದ್ದು." ಪಕ್ಕದಲ್ಲಿದ್ದ ಶೆಟ್ಟರು ಅದು ತಮಗೇ ಹೇಳಿದ್ದೆಂಬಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿಯಲಿಲ್ಲ, ಅಷ್ಟೇ.

ಹತ್ತು ದಿನ ಬಿಟ್ಟು ತೀರ್ಮಾನ ಬಂತು. ಮೂವತ್ತೈದು ಕೇಳಿದ್ದೆವು, ಮೂವತ್ತೈದೂ ಸಿಕ್ಕಿತು. ಒಂದು ದಿನವನ್ನೂ ಕತ್ತರಿಸಿರಲಿಲ್ಲ! ನೋಟಿಸು ರದ್ದು. ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ಗುತ್ತಿಗೆದಾರರ ಇಂಜಿನಿಯರ್ ಮಾಡಿದ ಮಳೆಯ ಅಂದಾಜಿನಲ್ಲಿ ದೋಷ ಕಾಣುವುದಿಲ್ಲ. ಆ ಪುಟವನ್ನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಬಾಗಿಲಿಗೆ ಒರಗಿ ನಿಂತು ಮತ್ತೆ ಮತ್ತೆ ಓದಿದೆ, ಅತ್ತೂಬಿಟ್ಟೆ. ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು "ಏನಾಯಿತು ತಾಯಿ?" ಎಂದು ಕೇಳಿದರು. "ಗೆದ್ದೆ" ಎಂದೆ. ಏನು ಗೆದ್ದೆ ಎಂದು ಕೇಳದೆ ಆಕೆ ನನ್ನ ಬೆನ್ನು ತಟ್ಟಿದರು.

ದಿನ ಸಿಕ್ಕರೆ ಆಯಿತೆ, ಅಷ್ಟು ದಿನದಲ್ಲಿ ಮುಗಿಸಿಯೂ ತೋರಿಸಬೇಕಲ್ಲ. ಮುಂದಿನ ಎಂಟು ತಿಂಗಳು ನಾನು ಮನೆಯಲ್ಲಿದ್ದದ್ದಕ್ಕಿಂತ ಗೋರೆಗಾಂವ್‌ನಲ್ಲಿ ಇದ್ದದ್ದೇ ಹೆಚ್ಚು. ದೀಪಾವಳಿಗೆ ಭೀಮಣ್ಣನ ಜನ ಊರಿಗೆ ಹೋಗಿ ಹೇಳಿದ ದಿನಕ್ಕೇ ವಾಪಸು ಬಂದರು, ಒಬ್ಬರೂ ತಪ್ಪಿಸಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಎ ವಿಂಗಿನ ಟೆರೇಸ್ ಸ್ಲ್ಯಾಬು ಹಾಕಿ ಮುಗಿಸಿದೆವು, ನಮ್ಮ ಗುತ್ತಿಗೆ ಪೂರ್ತಿಯಾಯಿತು. ಎಣಿಸಿ ನೋಡಿದರೆ ಮೂವತ್ತೈದರಲ್ಲಿ ಮೂವತ್ತನಾಲ್ಕು ಖರ್ಚಾಗಿತ್ತು.

ಸಂಜೆ ಶೆಟ್ಟರು ಫೋನ್ ಮಾಡಿದರು.

"ಒಂದು ದಿನ ಉಳೀತಲ್ಲ ಮಾರಾಯ್ತಿ! ಈಗ ಅದನ್ನು ಎಂತ ಮಾಡುದು? ಅವರಿಗೆ ವಾಪಸ್ ಕೊಡುದಾ?"

"ಕೊಡುವುದಿಲ್ಲ ಸರ್. ಅದು ನನ್ನದು" ಎಂದು ಹೇಳಿ ಫೋನ್ ಬಂದ್ ಮಾಡಿದೆ. ಮರುದಿನ ಬೆಳಗಿನಿಂದ ಸಂಜೆಯವರೆಗೆ, ಮಗ್ಗುಲು ಕೂಡ ಬದಲಿಸದೆ, ಆ ಒಂದು ದಿನ ಪೂರ್ತಿ ನಿದ್ದೆ ಮಾಡಿದೆ.